ಸ್ಟೆಫನಿ ಫಾರೆಸ್ಟ್

ಸ್ಟೆಫನಿ ಫಾರೆಸ್ಟ್ ಅಮೆರಿಕದ ಗಣಕ ವಿಜ್ಞಾನಿ. ಜೀವಿಗಳ ರೋಗನಿರೋಧಕ ವ್ಯವಸ್ಥೆಯ ಹಾಗೂ ಜೀವವಿಕಾಸದ ತತ್ತ್ವಗಳನ್ನು ಗಣಕಗಳ ಭದ್ರತೆಗೂ ತಂತ್ರಾಂಶದ ದುರಸ್ತಿಗೂ ಅನ್ವಯಿಸಿದ ಸಂಶೋಧನೆಗಳಿಂದ ಇವರು ಹೆಸರಾಗಿದ್ದಾರೆ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ಇವರು ಅಲ್ಲಿನ ಬಯೋಡಿಸೈನ್ ಸಂಸ್ಥೆಯಲ್ಲಿ ಜೈವಿಕ ಗಣನೆ, ಭದ್ರತೆ ಮತ್ತು ಸಮಾಜ ಕುರಿತ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ ಕಾರ್ಯನಿರ್ವಹಿಸಿದ್ದಾರೆ. ಅದಕ್ಕೂ ಮೊದಲು ಎರಡೂವರೆ ದಶಕಗಳಿಗೂ ಹೆಚ್ಚು ಕಾಲ ಆಲ್ಬುಕರ್ಕಿಯ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿದ್ದರು. ಸಾಂತಾ ಫೆ ಸಂಸ್ಥೆಯೊಂದಿಗೂ ಇವರದು ದೀರ್ಘಕಾಲದ ಒಡನಾಟ. ಗಣಕೀಯ ರೋಗನಿರೋಧಶಾಸ್ತ್ರ, ಜೆನೆಟಿಕ್ ಅಲ್ಗಾರಿದಮ್‌ಗಳು, ಅತಿಕ್ರಮಣ ಪತ್ತೆ, ತಂತ್ರಾಂಶದ ಸ್ವಯಂಚಾಲಿತ ದುರಸ್ತಿ ಇವು ಇವರ ಮುಖ್ಯ ಕಾರ್ಯಕ್ಷೇತ್ರಗಳು.

ಶಿಕ್ಷಣ ಮತ್ತು ವೃತ್ತಿಜೀವನ

ಫಾರೆಸ್ಟ್ 1977ರಲ್ಲಿ ಸೇಂಟ್ ಜಾನ್ಸ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ವಿಷಯವಾರು ವಿಭಾಗಗಳಿಲ್ಲದೆ ತತ್ತ್ವಶಾಸ್ತ್ರ, ಗಣಿತ, ವಿಜ್ಞಾನ ಮತ್ತು ಸಾಹಿತ್ಯದ ಮೂಲ ಗ್ರಂಥಗಳನ್ನೇ ಓದಿಸಿ ಚರ್ಚಿಸುವುದು ಈ ಕಾಲೇಜಿನ ಪದ್ಧತಿ. ನಂತರ ಮಿಶಿಗನ್ ವಿಶ್ವವಿದ್ಯಾಲಯವನ್ನು ಸೇರಿ, ಗಣಕ ಮತ್ತು ಸಂವಹನ ವಿಜ್ಞಾನದಲ್ಲಿ 1982ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1985ರಲ್ಲಿ ಪಿಎಚ್.ಡಿ. ಪದವಿಯನ್ನೂ ಪಡೆದರು. ಜೆನೆಟಿಕ್ ಅಲ್ಗಾರಿದಮ್‌ಗಳ ಪ್ರವರ್ತಕ ಜಾನ್ ಹಾಲೆಂಡ್ ಇವರ ಮಾರ್ಗದರ್ಶಕರು. ಹಾಲೆಂಡ್ ರೂಪಿಸಿದ್ದ, ನಿಯಮಗಳನ್ನು ತಾನೇ ಕಲಿತುಕೊಳ್ಳುವ 'ಕ್ಲಾಸಿಫೈಯರ್ ವ್ಯವಸ್ಥೆ'ಗಳಲ್ಲಿನ ಸಮಾಂತರ ಗಣನೆಯೇ ಇವರ ಮಹಾಪ್ರಬಂಧದ ವಸ್ತು.

ಪದವಿಯ ಬಳಿಕ ಟೆಕ್‌ನಾಲೆಜ್ ಎಂಬ ಕೃತಕ ಬುದ್ಧಿಮತ್ತೆಯ ಕಂಪನಿಯಲ್ಲಿಯೂ, ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಅರೇಖೀಯ ಅಧ್ಯಯನ ಕೇಂದ್ರದಲ್ಲಿಯೂ ಕೆಲಸ ಮಾಡಿದರು. ಸರಳ ಘಟಕಗಳ ಪರಸ್ಪರ ಕ್ರಿಯೆಯಿಂದ ಸಂಕೀರ್ಣ ಗಣನೆ ಹೇಗೆ ಹೊಮ್ಮುತ್ತದೆ ಎಂಬ ಪ್ರಶ್ನೆಯನ್ನು ಕುರಿತು ಆ ಕೇಂದ್ರದಲ್ಲಿ ನಡೆದ ಸಮ್ಮೇಳನದ ಲೇಖನಗಳನ್ನು 'ಎಮರ್ಜೆಂಟ್ ಕಂಪ್ಯುಟೇಶನ್' ಎಂಬ ಹೆಸರಿನಲ್ಲಿ ಸಂಪಾದಿಸಿದರು. 1990ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯವನ್ನು ಸೇರಿದ ಇವರು 2006ರಿಂದ 2011ರವರೆಗೆ ಅಲ್ಲಿನ ಗಣಕ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. 1999–2000ರಲ್ಲಿ ಸಾಂತಾ ಫೆ ಸಂಸ್ಥೆಯ ಶೈಕ್ಷಣಿಕ ವ್ಯವಹಾರಗಳ ಹಂಗಾಮಿ ಉಪಾಧ್ಯಕ್ಷರಾಗಿದ್ದರು. 2013–14ರಲ್ಲಿ ಜೆಫರ್ಸನ್ ವಿಜ್ಞಾನ ಫೆಲೋ ಆಗಿ ಅಮೆರಿಕದ ವಿದೇಶಾಂಗ ಇಲಾಖೆಗೆ ಸೈಬರ್ ನೀತಿಯ ವಿಷಯದಲ್ಲಿ ಸಲಹೆ ನೀಡಿದರು. 2017ರಲ್ಲಿ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯಕ್ಕೆ ತೆರಳಿದರು.

ಹಿನ್ನೆಲೆ

ತಮ್ಮನ್ನು ತಾವೇ ನಕಲು ಮಾಡಿಕೊಂಡು ಹರಡುವ ಕಂಪ್ಯೂಟರ್ ಕ್ರಮವಿಧಿಗಳಿಗೆ 'ವೈರಸ್' ಎಂಬ ಹೆಸರು 1980ರ ದಶಕದಲ್ಲಿ ಫ್ರೆಡ್ ಕೋಹೆನ್ ಅವರ ಸಂಶೋಧನೆಯ ಮೂಲಕ ಬಳಕೆಗೆ ಬಂದಿತು. 1988ರ ನವೆಂಬರ್ 2ರಂದು ಬಿಡುಗಡೆಯಾದ ಮಾರಿಸ್ ವರ್ಮ್, ಆಗಿನ್ನೂ ಚಿಕ್ಕದಾಗಿದ್ದ ಇಂಟರ್ನೆಟ್ಟಿನ ಸಾವಿರಾರು ಯಂತ್ರಗಳನ್ನು ಒಂದೆರಡು ದಿನಗಳಲ್ಲಿ ನಿಷ್ಕ್ರಿಯಗೊಳಿಸಿತು. ಒಂದೇ ಬಗೆಯ ತಂತ್ರಾಂಶವನ್ನು ನಡೆಸುತ್ತಿದ್ದ ಯಂತ್ರಗಳೆಲ್ಲ ಒಂದೇ ಲೋಪಕ್ಕೆ ಒಟ್ಟಿಗೆ ಬಲಿಯಾದುದು ಈ ಘಟನೆಯ ಮುಖ್ಯ ಪಾಠವಾಗಿತ್ತು.

ಅಂದಿನ ರಕ್ಷಣಾ ತಂತ್ರಾಂಶಗಳು ಬಹುಮಟ್ಟಿಗೆ 'ಗುರುತು' ಪದ್ಧತಿಯನ್ನು ಅವಲಂಬಿಸಿದ್ದವು. ಒಂದು ವೈರಸ್ ಎಲ್ಲಿಯೋ ಹಾನಿ ಮಾಡಿದ ಬಳಿಕ ತಜ್ಞರು ಅದನ್ನು ಬಿಡಿಸಿ ನೋಡಿ, ಅದರ ಗುರುತನ್ನು ಪಟ್ಟಿಗೆ ಸೇರಿಸುತ್ತಿದ್ದರು. ಪಟ್ಟಿಯಲ್ಲಿಲ್ಲದ ಹೊಸ ದಾಳಿಯನ್ನು ಈ ಪದ್ಧತಿ ಕಾಣಲಾರದು. ಪ್ರಾಣಿಗಳ ದೇಹವಾದರೋ ತಾನು ಹಿಂದೆಂದೂ ಕಂಡಿರದ ರೋಗಾಣುವನ್ನೂ ಹಲವು ಬಾರಿ ಗುರುತಿಸಿ ಹಿಮ್ಮೆಟ್ಟಿಸುತ್ತದೆ. ಈ ವ್ಯತ್ಯಾಸವೇ ಫಾರೆಸ್ಟ್ ಅವರ ಭದ್ರತಾ ಸಂಶೋಧನೆಯ ಆರಂಭಬಿಂದು. ರೋಗನಿರೋಧಕ ವ್ಯವಸ್ಥೆಯನ್ನು ಕಲಿಯುವ ಯಂತ್ರವೆಂದು ನೋಡುವ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು. ಡಾಯ್ನ್ ಫಾರ್ಮರ್, ನಾರ್ಮನ್ ಪ್ಯಾಕರ್ಡ್ ಮತ್ತು ಅಲನ್ ಪೆರೆಲ್ಸನ್ 1986ರಲ್ಲಿ ಆ ದಿಕ್ಕಿನ ಪ್ರಬಂಧವೊಂದನ್ನು ಪ್ರಕಟಿಸಿದ್ದರು. ಲಾಸ್ ಅಲಮೋಸ್‌ನ ಸೈದ್ಧಾಂತಿಕ ರೋಗನಿರೋಧತಜ್ಞರಾದ ಪೆರೆಲ್ಸನ್ ಮುಂದೆ ಫಾರೆಸ್ಟ್ ಅವರ ಪ್ರಮುಖ ಸಹಯೋಗಿಯಾದರು. ಇದೇ ಕಾಲದಲ್ಲಿ ಐಬಿಎಂ ಸಂಸ್ಥೆಯ ಜೆಫ್ರಿ ಕೆಫಾರ್ಟ್ ಕೂಡ ಗಣಕಗಳಿಗೆ ರೋಗನಿರೋಧಕ ವ್ಯವಸ್ಥೆಯೊಂದನ್ನು ರೂಪಿಸುವ ಕೆಲಸದಲ್ಲಿ ಸ್ವತಂತ್ರವಾಗಿ ತೊಡಗಿದ್ದರು.

ಜೆನೆಟಿಕ್ ಅಲ್ಗಾರಿದಮ್‌ಗಳು

ಒಂದು ಸಮಸ್ಯೆಯ ಸಂಭಾವ್ಯ ಪರಿಹಾರಗಳನ್ನು ಜೀವಿಗಳ ಸಮುದಾಯದಂತೆ ಪರಿಗಣಿಸಿ, ಉತ್ತಮವಾದವನ್ನು ಆಯ್ದು, ಅವುಗಳ ಅಂಶಗಳನ್ನು ಬೆರೆಸಿ, ಅಲ್ಪಸ್ವಲ್ಪ ಬದಲಿಸಿ ಹೊಸ ಪೀಳಿಗೆಯನ್ನು ಹುಟ್ಟಿಸುವ ವಿಧಾನಕ್ಕೆ ಜೆನೆಟಿಕ್ ಅಲ್ಗಾರಿದಮ್ ಎಂದು ಹೆಸರು. ಹಾಲೆಂಡ್ ಅವರ 1975ರ ಗ್ರಂಥ ಇದಕ್ಕೆ ತಳಹದಿ ಹಾಕಿತು. ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ 'ಕೈದಿಗಳ ಇಕ್ಕಟ್ಟು' ಎಂಬ ಆಟದ ತಂತ್ರಗಳನ್ನು ಇದೇ ವಿಧಾನದಿಂದ ವಿಕಾಸಗೊಳಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕ್ರಮವಿಧಿ ಬರೆದವರು ಫಾರೆಸ್ಟ್.

ಈ ಅಲ್ಗಾರಿದಮ್‌ಗಳು ಯಾವಾಗ ಫಲಿಸುತ್ತವೆ, ಯಾವಾಗ ಸೋಲುತ್ತವೆ ಎಂಬುದನ್ನು ಪರಿಶೀಲಿಸಲು ಮೆಲಾನಿ ಮಿಚೆಲ್, ಫಾರೆಸ್ಟ್ ಮತ್ತು ಹಾಲೆಂಡ್ 1990ರ ದಶಕದ ಆರಂಭದಲ್ಲಿ 'ರಾಯಲ್ ರೋಡ್' ಎಂಬ ಪರೀಕ್ಷಾ ಸಮಸ್ಯೆಗಳನ್ನು ರಚಿಸಿದರು. ಜೆನೆಟಿಕ್ ಅಲ್ಗಾರಿದಮ್‌ಗೆ ಈ ಸಮಸ್ಯೆಗಳು ರಾಜಮಾರ್ಗದಷ್ಟು ಸುಲಭವಾಗಬೇಕೆಂಬುದು ನಿರೀಕ್ಷೆಯಾಗಿತ್ತು. ಆದರೆ ಫಲಿತಾಂಶ ಬೇರೆಯೇ ಆಯಿತು. ಒಂದೊಂದೇ ಬಿಟ್ ಬದಲಿಸುತ್ತ ಮೇಲೇರುವ ಸರಳ ವಿಧಾನವೊಂದು ಜೆನೆಟಿಕ್ ಅಲ್ಗಾರಿದಮ್ಮನ್ನು ಹಿಂದೆ ಹಾಕಿತು. ಮೊದಲೇ ಸಿಕ್ಕ ಒಳ್ಳೆಯ ಅಂಶವೊಂದರ ಜೊತೆಗೆ ಅನುಪಯುಕ್ತ ಅಂಶಗಳೂ ಅಂಟಿಕೊಂಡು ಸಮುದಾಯದ ತುಂಬ ಹರಡುವುದು ಇದಕ್ಕೆ ಕಾರಣವೆಂದು ಅವರು ವಿವರಿಸಿದರು. 1993ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಫಾರೆಸ್ಟ್ ಅವರ ಸಮೀಕ್ಷಾ ಲೇಖನ ಈ ಕ್ಷೇತ್ರವನ್ನು ಇತರ ವಿಜ್ಞಾನಗಳ ಓದುಗರಿಗೆ ಪರಿಚಯಿಸಿತು.

ಗಣಕದ ರೋಗನಿರೋಧಕ ವ್ಯವಸ್ಥೆ

ಸ್ವ–ಪರ ವಿವೇಚನೆ

ಮನುಷ್ಯನ ದೇಹದಲ್ಲಿ ಟಿ-ಕೋಶಗಳು ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುತ್ತವೆ. ಪ್ರತಿಯೊಂದು ಕೋಶದ ಗ್ರಾಹಕವೂ ಬಹುಮಟ್ಟಿಗೆ ಯಾದೃಚ್ಛಿಕವಾಗಿ ರೂಪುಗೊಂಡಿರುತ್ತದೆ. ದೇಹದ ಸ್ವಂತ ಪ್ರೋಟೀನುಗಳಿಗೆ ಬಲವಾಗಿ ಅಂಟಿಕೊಳ್ಳುವ ಕೋಶಗಳು ಅಲ್ಲಿಯೇ ನಾಶವಾಗುತ್ತವೆ. ಉಳಿದವು ರಕ್ತಪ್ರವಾಹವನ್ನು ಸೇರುತ್ತವೆ. ಹೀಗೆ ಹೊರಬಂದ ಕೋಶವು ಯಾವುದಕ್ಕಾದರೂ ಅಂಟಿಕೊಂಡರೆ ಅದು 'ಸ್ವ' ಅಲ್ಲದ ವಸ್ತುವಾಗಿರುವ ಸಂಭವವೇ ಹೆಚ್ಚು. ರೋಗಾಣುಗಳ ಪಟ್ಟಿಯನ್ನು ಇಟ್ಟುಕೊಳ್ಳದೆಯೇ ದೇಹವು ಪರಕೀಯವನ್ನು ಗುರುತಿಸುವ ಬಗೆ ಇದು.

ಫಾರೆಸ್ಟ್, ಪೆರೆಲ್ಸನ್, ಲಾರೆನ್ಸ್ ಆಲೆನ್ ಮತ್ತು ರಾಜೇಶ್ ಚೆರುಕುರಿ 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಪ್ರಕ್ರಿಯೆಯನ್ನು ಅಲ್ಗಾರಿದಮ್ಮಾಗಿ ಪರಿವರ್ತಿಸಿದರು. ಇದು ಋಣಾತ್ಮಕ ಆಯ್ಕೆಯ ಅಲ್ಗಾರಿದಮ್ ಎಂದು ಪ್ರಸಿದ್ಧವಾಗಿದೆ. ರಕ್ಷಿಸಬೇಕಾದ ಕಡತ ಅಥವಾ ದತ್ತಾಂಶವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದರೆ ಅವೇ 'ಸ್ವ'. ಅನಂತರ ಯಾದೃಚ್ಛಿಕ ಶೋಧಕ ತಂತುಗಳನ್ನು ಸೃಷ್ಟಿಸಿ, 'ಸ್ವ'ದ ಯಾವುದೇ ತುಣುಕಿಗೆ ಹೊಂದುವವನ್ನು ತೆಗೆದುಹಾಕಲಾಗುತ್ತದೆ. ಪೂರ್ಣ ಹೋಲಿಕೆಯ ಬದಲು, ನಿಗದಿತ ಸಂಖ್ಯೆಯಷ್ಟು ಅಕ್ಷರಗಳು ಒಂದರ ಪಕ್ಕ ಒಂದರಂತೆ ತಾಳೆಯಾದರೆ ಸಾಕು ಎಂಬ ಸಡಿಲ ನಿಯಮವನ್ನು ಬಳಸಿದ್ದರಿಂದ ಒಂದೇ ಶೋಧಕವು ಹಲವು ಅಪರಿಚಿತ ತಂತುಗಳನ್ನು ಹಿಡಿಯಬಲ್ಲದಾಯಿತು. ಉಳಿದ ಶೋಧಕಗಳಲ್ಲಿ ಯಾವುದಾದರೂ ಒಂದು ಮುಂದೆ ದತ್ತಾಂಶಕ್ಕೆ ಹೊಂದಿದರೆ ಅಲ್ಲಿ ಬದಲಾವಣೆ ಆಗಿದೆ ಎಂದರ್ಥ. ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ಶೋಧಕಗಳನ್ನು ಇಟ್ಟುಕೊಳ್ಳಬಹುದಾದ್ದರಿಂದ, ಒಂದು ಯಂತ್ರದ ಕಣ್ಣು ತಪ್ಪಿಸಿದ ದಾಳಿ ಇನ್ನೊಂದರಲ್ಲಿ ಸಿಕ್ಕಿಬೀಳುವ ಸಾಧ್ಯತೆಯಿದೆ ಎಂಬುದು ಈ ವಿಧಾನದ ವಿಶೇಷ.

ಸಿಸ್ಟಮ್ ಕಾಲ್ ಅನುಕ್ರಮಗಳು

ಕಡತಗಳು ಸ್ಥಿರವಾದವು, ಓಡುತ್ತಿರುವ ಕ್ರಮವಿಧಿ ಹಾಗಲ್ಲ. ಅದರ 'ಸ್ವ' ಯಾವುದು ಎಂಬ ಪ್ರಶ್ನೆಗೆ ಫಾರೆಸ್ಟ್, ಸ್ಟೀವನ್ ಹಾಫ್ಮೆಯರ್, ಅನಿಲ್ ಸೋಮಯಾಜಿ ಮತ್ತು ಥಾಮಸ್ ಲಾಂಗ್‌ಸ್ಟಾಫ್ 1996ರ ತಮ್ಮ ಪ್ರಬಂಧದಲ್ಲಿ ಉತ್ತರ ಕೊಟ್ಟರು. 'ಎ ಸೆನ್ಸ್ ಆಫ್ ಸೆಲ್ಫ್ ಫಾರ್ ಯುನಿಕ್ಸ್ ಪ್ರೊಸೆಸಸ್' ಎಂಬ ಈ ಪ್ರಬಂಧ ಫಾರೆಸ್ಟ್ ಅವರ ಅತ್ಯಂತ ಪ್ರಭಾವಶಾಲಿ ಕೃತಿಗಳಲ್ಲೊಂದು.

ಯಾವುದೇ ಕ್ರಮವಿಧಿ ಕಡತ ತೆರೆಯಲು, ಓದಲು, ಜಾಲದೊಡನೆ ಮಾತನಾಡಲು ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್ ಬಳಿ ಕೋರಿಕೆ ಸಲ್ಲಿಸಬೇಕು. ಈ ಕೋರಿಕೆಗಳೇ ಸಿಸ್ಟಮ್ ಕಾಲ್‌ಗಳು. ಕ್ರಮವಿಧಿಯು ಸಹಜವಾಗಿ ನಡೆಯುವಾಗ ಸಲ್ಲಿಸುವ ಕೋರಿಕೆಗಳ ಸಾಲಿನ ಮೇಲೆ ಪುಟ್ಟ ಕಿಟಕಿಯೊಂದನ್ನು ಸರಿಸುತ್ತ ಹೋಗಿ, ಅದರಲ್ಲಿ ಕಂಡ ಕಿರು ಅನುಕ್ರಮಗಳನ್ನೆಲ್ಲ ಸಂಗ್ರಹಿಸಿದರೆ ಆ ಕ್ರಮವಿಧಿಯ ನಡತೆಯ ಚಿತ್ರ ಸಿಗುತ್ತದೆ. ಅಚ್ಚರಿಯೆಂದರೆ ಈ ಸಂಗ್ರಹ ಬಹಳ ಚಿಕ್ಕದು. ಸ್ವಲ್ಪ ಕಾಲದ ನಂತರ ಅದು ಹೆಚ್ಚುಕಡಿಮೆ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಆದರೆ ದಾಳಿಕೋರನು ಕ್ರಮವಿಧಿಯನ್ನು ವಶಪಡಿಸಿಕೊಂಡಾಗ ಸಂಗ್ರಹದಲ್ಲಿಲ್ಲದ ಅನುಕ್ರಮಗಳು ಕಾಣಿಸಿಕೊಳ್ಳುತ್ತವೆ. ಅಂಚೆ ರವಾನೆಯ ಸೆಂಡ್‌ಮೇಲ್ ಮತ್ತು ಮುದ್ರಣದ ಎಲ್‌ಪಿಆರ್ ಕ್ರಮವಿಧಿಗಳ ಮೇಲೆ ಸಂಶೋಧಕರು ಇದನ್ನು ಪ್ರಯೋಗಿಸಿ ತೋರಿಸಿದರು. ಸಿಸ್ಟಮ್ ಕಾಲ್‌ಗಳ ಜೊತೆ ಸಾಗುವ ಮೌಲ್ಯಗಳನ್ನು ನೋಡದೆ ಕೇವಲ ಅವುಗಳ ಕ್ರಮವನ್ನು ಗಮನಿಸಿಯೇ ಇಷ್ಟನ್ನು ಸಾಧಿಸಬಹುದೆಂಬುದು ಆ ಕಾಲಕ್ಕೆ ಹೊಸ ತಿಳಿವಾಗಿತ್ತು. ಅತಿಕ್ರಮಣ ಪತ್ತೆಯ ಕ್ಷೇತ್ರದಲ್ಲಿ ಮುಂದೆ ಬಂದ ಬಹುಸಂಖ್ಯೆಯ ಅಧ್ಯಯನಗಳು ಈ ಪ್ರಬಂಧವನ್ನು ಬೆಳೆಸಿದವು, ಇಲ್ಲವೇ ಇದರೊಡನೆ ವಾದಿಸಿದವು.

ಪತ್ತೆಯಿಂದ ಪ್ರತಿಕ್ರಿಯೆಗೆ

ಹಾಫ್ಮೆಯರ್ ಮತ್ತು ಫಾರೆಸ್ಟ್ ರೂಪಿಸಿದ 'ಲಿಸಿಸ್' ವ್ಯವಸ್ಥೆ ಇದೇ ಕಲ್ಪನೆಯನ್ನು ಸ್ಥಳೀಯ ಜಾಲಕ್ಕೆ ವಿಸ್ತರಿಸಿತು. ಯಾವ ಗಣಕ ಯಾವ ಗಣಕದೊಡನೆ ಯಾವ ಸೇವೆಗಾಗಿ ಸಂಪರ್ಕ ಬೆಳೆಸುತ್ತದೆ ಎಂಬ ಮಾಹಿತಿಯನ್ನು 49 ಬಿಟ್‌ಗಳ ತಂತುವಾಗಿ ಬರೆದು, ಅದನ್ನೇ ಜಾಲದ 'ಸ್ವ' ಎಂದು ಪರಿಗಣಿಸಲಾಯಿತು. ಶೋಧಕಗಳಿಗೆ ಹುಟ್ಟು, ಪಕ್ವತೆ, ನೆನಪು ಮತ್ತು ಸಾವಿನ ಹಂತಗಳಿದ್ದವು. ಶೋಧಕವೊಂದು ಕೂಗು ಹಾಕಿದೊಡನೆ ನಂಬಿಬಿಡದೆ ಮನುಷ್ಯನೊಬ್ಬನ ದೃಢೀಕರಣವನ್ನು ಕೇಳುವ ಏರ್ಪಾಡೂ ಇತ್ತು.

ಸೋಮಯಾಜಿ ಅವರೊಂದಿಗೆ 2000ರಲ್ಲಿ ಪ್ರಕಟಿಸಿದ 'ಪಿಎಚ್' ವ್ಯವಸ್ಥೆಯು ಲಿನಕ್ಸ್ ಕರ್ನಲ್ಲಿನ ಒಳಗೇ ಕುಳಿತು ಕ್ರಮವಿಧಿಗಳ ನಡತೆಯನ್ನು ಗಮನಿಸುತ್ತಿತ್ತು. ಅಸಹಜತೆ ಕಂಡಾಗ ಕ್ರಮವಿಧಿಯನ್ನು ಕೊಲ್ಲುವ ಬದಲು ಅದು ಅದರ ಸಿಸ್ಟಮ್ ಕಾಲ್‌ಗಳನ್ನು ತಡಮಾಡುತ್ತಿತ್ತು. ಅಸಹಜತೆ ಹೆಚ್ಚಿದಂತೆ ವಿಳಂಬವೂ ಘಾತೀಯವಾಗಿ ಹೆಚ್ಚುತ್ತಿತ್ತು. ಒಮ್ಮೆಯೋ ಎರಡು ಬಾರಿಯೋ ಆದ ತಪ್ಪು ಎಚ್ಚರಿಕೆಯಿಂದ ಬಳಕೆದಾರನಿಗೆ ಹೆಚ್ಚಿನ ತೊಂದರೆಯಿಲ್ಲ. ನಿಜವಾದ ದಾಳಿಯಾದರೆ ಅದು ಮುಂದೆ ಸಾಗಲಾರದಷ್ಟು ನಿಧಾನವಾಗುತ್ತದೆ. ದೇಹವು ತನ್ನ ಉಷ್ಣತೆಯನ್ನೂ ಆಮ್ಲೀಯತೆಯನ್ನೂ ಸಮತೋಲದಲ್ಲಿಡುವ ಬಗೆಯೇ ಈ ವಿನ್ಯಾಸಕ್ಕೆ ಮಾದರಿ.

ಹೋಲಿಕೆಯ ಮಿತಿಗಳನ್ನು ಈ ಸಂಶೋಧಕರೇ ಗುರುತಿಸಿದ್ದರು. ಸೋಮಯಾಜಿ, ಹಾಫ್ಮೆಯರ್ ಮತ್ತು ಫಾರೆಸ್ಟ್ 1997ರ ಪ್ರಬಂಧವೊಂದರಲ್ಲಿ, ಜೀವಿಯ ರೋಗನಿರೋಧಕ ವ್ಯವಸ್ಥೆಯ ಗುರಿ ಉಳಿವು ಮಾತ್ರ, ಗಣಕದ ಭದ್ರತೆಗಾದರೋ ಗೌಪ್ಯತೆಯೂ ಮುಖ್ಯ ಎಂಬ ಅಂಶವನ್ನು ಎತ್ತಿದ್ದಾರೆ. ದೇಹ ಕೆಲವು ಕೋಶಗಳನ್ನು ಕಳೆದುಕೊಂಡು ಚೇತರಿಸಿಕೊಳ್ಳಬಲ್ಲದು. ಒಮ್ಮೆ ಸೋರಿದ ಗುಟ್ಟನ್ನು ಗಣಕ ಮರಳಿ ಪಡೆಯಲಾರದು.

ವೈವಿಧ್ಯವೆಂಬ ರಕ್ಷಣೆ

ಒಂದೇ ತಳಿಯ ಬೆಳೆಯನ್ನು ಊರಿಗೆ ಊರೇ ಬೆಳೆದರೆ ಒಂದು ರೋಗ ಎಲ್ಲವನ್ನೂ ನಾಶಮಾಡಬಲ್ಲದು. ತಂತ್ರಾಂಶದ ವಿಷಯದಲ್ಲಿಯೂ ಇದು ನಿಜವೆಂದು ವಾದಿಸಿದ ಫಾರೆಸ್ಟ್, ಸೋಮಯಾಜಿ ಮತ್ತು ಡೇವಿಡ್ ಆಕ್ಲೆ, 1997ರಲ್ಲಿ ವೈವಿಧ್ಯಮಯ ಗಣಕ ವ್ಯವಸ್ಥೆಗಳನ್ನು ಕಟ್ಟುವ ಬಗೆಯನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಕ್ರಮವಿಧಿಯ ಕೆಲಸವನ್ನು ಬದಲಿಸದೆ ಅದರ ಒಳ ವಿನ್ಯಾಸವನ್ನು ಮಾತ್ರ ಪ್ರತಿ ಯಂತ್ರದಲ್ಲಿಯೂ ಯಾದೃಚ್ಛಿಕವಾಗಿ ಬದಲಿಸುವುದು ಅವರ ಸೂಚನೆ. ನಿದರ್ಶನಕ್ಕಾಗಿ ಜಿಸಿಸಿ ಕಂಪೈಲರನ್ನು ಮಾರ್ಪಡಿಸಿ, ಸ್ಮೃತಿಯ ಸ್ಟ್ಯಾಕ್ ಭಾಗದಲ್ಲಿ ಯಾದೃಚ್ಛಿಕ ಗಾತ್ರದ ಖಾಲಿ ಜಾಗವನ್ನು ಸೇರಿಸಿದರು. ಬಫರ್ ಓವರ್‌ಫ್ಲೋ ದಾಳಿಗಳು ಸ್ಮೃತಿಯ ನಿಖರ ವಿಳಾಸವನ್ನು ನೆಚ್ಚಿಕೊಂಡಿರುವುದರಿಂದ, ವಿಳಾಸ ಪಲ್ಲಟವಾದರೆ ದಾಳಿ ಗುರಿ ತಪ್ಪುತ್ತದೆ.

ವಿಳಾಸಗಳನ್ನು ಯಾದೃಚ್ಛಿಕಗೊಳಿಸುವ ಕಲ್ಪನೆಯನ್ನು 2001ರಲ್ಲಿ ಪ್ಯಾಕ್ಸ್ ಯೋಜನೆ ಲಿನಕ್ಸ್‌ನಲ್ಲಿ ವ್ಯಾಪಕ ರೂಪದಲ್ಲಿ ಅಳವಡಿಸಿತು. ಅನಂತರ ಓಪನ್‌ಬಿಎಸ್‌ಡಿ, ವಿಂಡೋಸ್ ವಿಸ್ತಾ ಮೊದಲಾದ ವ್ಯವಸ್ಥೆಗಳು ಅದನ್ನು ಸ್ವೀಕರಿಸಿದವು. ಇಂದು ಗಣಕ ಮತ್ತು ಮೊಬೈಲುಗಳ ಮುಖ್ಯ ಕಾರ್ಯಾಚರಣಾ ವ್ಯವಸ್ಥೆಗಳೆಲ್ಲವೂ ಈ ರಕ್ಷಣೆಯನ್ನು ಬಳಸುತ್ತವೆ. 1997ರ ಪ್ರಬಂಧವನ್ನು ಈ ಪರಂಪರೆಯ ಆದ್ಯ ಕೃತಿಗಳಲ್ಲೊಂದೆಂದು ಪರಿಗಣಿಸಲಾಗುತ್ತದೆ.

2003ರಲ್ಲಿ ಫಾರೆಸ್ಟ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಯಂತ್ರದ ಆದೇಶಗಳ ಭಾಷೆಯನ್ನೇ ಪ್ರತಿ ಕ್ರಮವಿಧಿಗೂ ಬೇರೆಯಾಗಿ ಗೂಢಗೊಳಿಸುವ 'ರೈಸ್' ವಿಧಾನವನ್ನು ಪ್ರಕಟಿಸಿದರು. ದಾಳಿಕೋರ ಹೊರಗಿನಿಂದ ತೂರಿಸಿದ ಆದೇಶಗಳು ಆ ಕ್ರಮವಿಧಿಯ ಗೂಢಭಾಷೆಯಲ್ಲಿ ಇರುವುದಿಲ್ಲವಾದ್ದರಿಂದ ಅವು ಅರ್ಥಹೀನವಾಗುತ್ತವೆ. ಇದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರನ್ನೊಳಗೊಂಡ ಮತ್ತೊಂದು ತಂಡವೂ ಸ್ವತಂತ್ರವಾಗಿ ಇಂಥದೇ ವಿಧಾನವನ್ನು ಮಂಡಿಸಿತು.

ಜಾಲಗಳು ಮತ್ತು ಖಾಸಗಿತನ

2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜಸ್ಟಿನ್ ಬಾಲ್ತ್ರಾಪ್, ಮಾರ್ಕ್ ನ್ಯೂಮನ್ ಮತ್ತು ಮ್ಯಾಥ್ಯೂ ವಿಲಿಯಮ್ಸನ್ ಅವರೊಡನೆ ಪ್ರಕಟಿಸಿದ ಲೇಖನವು ಗಣಕ ವೈರಸ್‌ಗಳ ಹರಡುವಿಕೆಯನ್ನು ಪರಿಶೀಲಿಸಿತು. ವೈರಸ್ ಹರಡುವ ಜಾಲದ ವಿನ್ಯಾಸ ಒಂದೇ ಬಗೆಯದಾಗಿರುವುದಿಲ್ಲ. ವೈರಸ್ ಯಾವ ದಾರಿಯನ್ನು ಹಿಡಿಯುತ್ತದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಆದ್ದರಿಂದ ಹೆಚ್ಚು ಸಂಪರ್ಕಗಳುಳ್ಳ ಕೆಲವೇ ಗಣಕಗಳನ್ನು ರಕ್ಷಿಸುವ ಉಪಾಯ ಎಲ್ಲ ಕಡೆಯೂ ಸಾಲದು. ಹೊಸ ಸಂಪರ್ಕಗಳ ವೇಗವನ್ನೇ ಮಿತಿಗೊಳಿಸುವುದು ಹೆಚ್ಚು ಸಾರ್ವತ್ರಿಕ ಪರಿಹಾರ ಎಂದು ಲೇಖಕರು ವಾದಿಸಿದರು.

ಇಂಟರ್ನೆಟ್ಟಿನ ಸಂದೇಶಗಳಿಗೆ ದಾರಿ ತೋರುವ ಬಿಜಿಪಿ ಶಿಷ್ಟಾಚಾರವು ಒಂದು ಜಾಲ ಇನ್ನೊಂದು ಜಾಲದ ಮಾತನ್ನು ನಂಬುವುದರ ಮೇಲೆ ನಿಂತಿದೆ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯೊಂದು ಘೋಷಿಸಿದ ತಪ್ಪು ಮಾರ್ಗದಿಂದಾಗಿ ಯೂಟ್ಯೂಬ್ ಹಲವು ದೇಶಗಳಲ್ಲಿ ಸ್ಥಗಿತಗೊಂಡುದು ಇದರ ಅಪಾಯಕ್ಕೆ ಪ್ರಸಿದ್ಧ ಉದಾಹರಣೆ. ಜಾಶ್ ಕಾರ್ಲಿನ್, ಫಾರೆಸ್ಟ್ ಮತ್ತು ಜೆನಿಫರ್ ರೆಕ್ಸ್‌ಫರ್ಡ್ 2006ರಲ್ಲಿಯೇ 'ಪ್ರಿಟಿ ಗುಡ್ ಬಿಜಿಪಿ' ಎಂಬ ಪರಿಹಾರವನ್ನು ಸೂಚಿಸಿದ್ದರು. ಹಿಂದಿನ ನಡತೆಗೆ ಹೊಂದದ ಹೊಸ ಮಾರ್ಗವನ್ನು 24 ಗಂಟೆಗಳ ಕಾಲ ಸಂಶಯದಿಂದ ನೋಡಿ, ಬೇರೆ ಮಾರ್ಗವಿದ್ದರೆ ಅದನ್ನೇ ಬಳಸುವುದು ಅದರ ಸಾರ. ಪಿಎಚ್ ವ್ಯವಸ್ಥೆಯ ಹಿಂದಿದ್ದ 'ತಡಮಾಡು, ತಡೆಯಬೇಡ' ಎಂಬ ನೀತಿಯನ್ನು ಇಲ್ಲಿಯೂ ಕಾಣಬಹುದು.

ಫೆರ್ನಾಂಡೊ ಎಸ್ಪೊಂಡಾ ಮತ್ತು ಪಾಲ್ ಹೆಲ್ಮನ್ ಅವರೊಂದಿಗೆ 'ಋಣಾತ್ಮಕ ದತ್ತಸಂಚಯ'ಗಳ ಮೇಲೆಯೂ ಕೆಲಸ ಮಾಡಿದರು. ಇದರಲ್ಲಿ ದತ್ತಾಂಶವನ್ನು ನೇರವಾಗಿ ಇಡುವ ಬದಲು, ದತ್ತಾಂಶದಲ್ಲಿ ಇಲ್ಲದಿರುವುದೆಲ್ಲವನ್ನೂ ಸಂಕ್ಷಿಪ್ತ ರೂಪದಲ್ಲಿ ಇಡಲಾಗುತ್ತದೆ. ನಿರ್ದಿಷ್ಟ ದಾಖಲೆಯೊಂದು ಇದೆಯೇ ಎಂದು ಕೇಳಿದರೆ ಉತ್ತರ ಸುಲಭ. ಇಡೀ ಪಟ್ಟಿಯನ್ನು ಹೊರತೆಗೆಯುವುದು ಮಾತ್ರ ಗಣನೆಯ ದೃಷ್ಟಿಯಿಂದ ಅತಿ ಕಠಿಣ.

ತಂತ್ರಾಂಶದ ಸ್ವಯಂಚಾಲಿತ ದುರಸ್ತಿ

ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿದ್ದ ವೆಸ್ಟ್‌ಲಿ ವೈಮರ್ ಹಾಗೂ ಕ್ಲೇರ್ ಲೆ ಗೌಸ್, ನ್ಯೂ ಮೆಕ್ಸಿಕೋದ ಥಾನ್‌ವು ನುಯೆನ್ ಅವರೊಡಗೂಡಿ ಫಾರೆಸ್ಟ್ 2009ರಲ್ಲಿ ಪ್ರಕಟಿಸಿದ ಪ್ರಬಂಧವು ತಂತ್ರಾಂಶದ ದೋಷಗಳನ್ನು ವಿಕಾಸದ ವಿಧಾನದಿಂದ ತಿದ್ದಬಹುದೆಂದು ತೋರಿಸಿತು. ಈ ಸಾಧನ ಮುಂದೆ 'ಜೆನ್‌ಪ್ರಾಗ್' ಎಂದು ಹೆಸರಾಯಿತು.

ಜೆನ್‌ಪ್ರಾಗ್‌ಗೆ ಬೇಕಾದುದು ಮೂರು: ದೋಷಯುಕ್ತ ಕ್ರಮವಿಧಿ, ಅದು ಸರಿಯಾಗಿ ಮಾಡುತ್ತಿರುವ ಕೆಲಸಗಳನ್ನು ಸಾರುವ ಪರೀಕ್ಷೆಗಳು, ಮತ್ತು ದೋಷವನ್ನು ಹೊರಗೆಡಹುವ ಒಂದು ಪರೀಕ್ಷೆ. ದೋಷ ಕಾಣಿಸಿಕೊಂಡಾಗ ಕ್ರಮವಿಧಿ ಹಾದುಹೋದ ಸಾಲುಗಳ ಮೇಲೆ ಗಮನವಿಟ್ಟು, ಅಲ್ಲಿನ ಹೇಳಿಕೆಗಳನ್ನು ಅಳಿಸುತ್ತ, ಬೇರೆಡೆಯಿಂದ ತಂದು ಸೇರಿಸುತ್ತ, ಅದಲುಬದಲು ಮಾಡುತ್ತ ಅದು ಅನೇಕ ರೂಪಾಂತರಗಳನ್ನು ಸೃಷ್ಟಿಸುತ್ತದೆ. ಹೆಚ್ಚು ಪರೀಕ್ಷೆಗಳಲ್ಲಿ ಗೆದ್ದ ರೂಪಾಂತರಗಳಿಂದ ಮುಂದಿನ ಪೀಳಿಗೆ ಹುಟ್ಟುತ್ತದೆ. ಹೊಸ ಹೇಳಿಕೆಗಳನ್ನು ಜೆನ್‌ಪ್ರಾಗ್ ತಾನಾಗಿ ಬರೆಯುವುದಿಲ್ಲ. ಕ್ರಮವಿಧಿಯ ಇನ್ನೊಂದು ಮೂಲೆಯಲ್ಲಿ ಅದೇ ಲೇಖಕ ಸರಿಯಾಗಿ ಬರೆದಿರಬಹುದಾದ ಸಾಲನ್ನು ಹುಡುಕಿ ತರುತ್ತದೆ. ಈ ಮಿತಿಯಿಂದಾಗಿಯೇ ಅಪಾರವಾದ ಶೋಧಕ್ಷೇತ್ರ ನಿಭಾಯಿಸಬಹುದಾದಷ್ಟು ಕಿರಿದಾಯಿತು.

ಮೈಕ್ರೋಸಾಫ್ಟ್‌ನ ಜ್ಯೂನ್ ಸಂಗೀತಯಂತ್ರದ ದೋಷ ಈ ಸಂಶೋಧನೆಯ ಪ್ರಸಿದ್ಧ ಉದಾಹರಣೆಗಳಲ್ಲೊಂದು. 2008ರ ಡಿಸೆಂಬರ್ 31ರಂದು 30 ಗಿಗಾಬೈಟ್ ಮಾದರಿಯ ಯಂತ್ರಗಳು ಒಮ್ಮೆಗೇ ಸ್ತಬ್ಧವಾದವು. ಅದು ಅಧಿಕ ವರ್ಷದ 366ನೆಯ ದಿನ. ದಿನಗಳಿಂದ ವರ್ಷವನ್ನು ಲೆಕ್ಕಹಾಕುವ ಸಾಲುಗಳಲ್ಲಿ ಆ ಒಂದು ದಿನಕ್ಕೆ ದಾರಿಯೇ ಇಲ್ಲದೆ ಕ್ರಮವಿಧಿ ಕೊನೆಯಿಲ್ಲದೆ ಸುತ್ತುತ್ತಿತ್ತು. ಈ ದೋಷಕ್ಕೆ ಜೆನ್‌ಪ್ರಾಗ್ ಮನುಷ್ಯನ ನೆರವಿಲ್ಲದೆ ತಿದ್ದುಪಡಿ ಕಂಡುಕೊಂಡಿತು. 2009ರ ಪ್ರಬಂಧದಲ್ಲಿ ಒಟ್ಟು 63,000 ಸಾಲುಗಳಷ್ಟಿದ್ದ 10 ಸಿ ಕ್ರಮವಿಧಿಗಳ ದುರಸ್ತಿಯನ್ನು ವರದಿ ಮಾಡಲಾಯಿತು. 2012ರ ಅಧ್ಯಯನವು 50 ಲಕ್ಷಕ್ಕೂ ಹೆಚ್ಚು ಸಾಲುಗಳ ತಂತ್ರಾಂಶದಲ್ಲಿನ 105 ದೋಷಗಳನ್ನು ತೆಗೆದುಕೊಂಡು, 55 ದೋಷಗಳಿಗೆ ಎಲ್ಲ ಪರೀಕ್ಷೆಗಳಲ್ಲಿ ಗೆಲ್ಲುವ ತಿದ್ದುಪಡಿ ದೊರೆಯಿತೆಂದೂ, ಬಾಡಿಗೆ ಗಣಕಗಳಲ್ಲಿ ಒಂದೊಂದಕ್ಕೆ ಸರಾಸರಿ 8 ಡಾಲರಿಗಿಂತ ಕಡಿಮೆ ವೆಚ್ಚವಾಯಿತೆಂದೂ ತಿಳಿಸಿತು.

ಇದರ ಬೆನ್ನಲ್ಲೇ ಇನ್ನೊಂದು ಪ್ರಶ್ನೆ ಎದ್ದಿತು. ಯಾದೃಚ್ಛಿಕವಾಗಿ ಬದಲಿಸಿದರೂ ಕ್ರಮವಿಧಿಗಳು ಕೆಡದೆ ಉಳಿಯುವುದು ಹೇಗೆ? ಎರಿಕ್ ಶುಲ್ಟೆ ಮತ್ತಿತರರೊಡನೆ ಫಾರೆಸ್ಟ್ ನಡೆಸಿದ ಅಧ್ಯಯನದಲ್ಲಿ, ಇಂಥ ಬದಲಾವಣೆಗಳಲ್ಲಿ 30 ಪ್ರತಿಶತಕ್ಕೂ ಹೆಚ್ಚಿನವು ಪರೀಕ್ಷೆಗಳ ಫಲಿತಾಂಶವನ್ನು ಕದಲಿಸುವುದಿಲ್ಲವೆಂದು ಕಂಡುಬಂದಿತು. ಜೀವಿಗಳ ತಟಸ್ಥ ಉತ್ಪರಿವರ್ತನೆಗಳಂತೆ ಇವೂ ವಿಕಾಸಕ್ಕೆ ಅವಕಾಶ ಒದಗಿಸುತ್ತವೆ ಎಂಬುದು ಲೇಖಕರ ವ್ಯಾಖ್ಯಾನ. ಇದೇ ತತ್ತ್ವದ ಮೇಲೆ ಕ್ರಮವಿಧಿಗಳ ವಿದ್ಯುತ್ ಬಳಕೆಯನ್ನು ತಗ್ಗಿಸುವ ಹಾಗೂ ಗ್ರಾಫಿಕ್ಸ್ ಸಂಸ್ಕಾರಕಗಳ ಕ್ರಮವಿಧಿಗಳನ್ನು ಚುರುಕುಗೊಳಿಸುವ ಪ್ರಯೋಗಗಳೂ ನಡೆದವು.

ಜೀವಶಾಸ್ತ್ರಕ್ಕೆ ಕೊಡುಗೆ

ಫಾರೆಸ್ಟ್ ಅವರ ಕೆಲಸದಲ್ಲಿ ಜೀವಶಾಸ್ತ್ರ ಕೇವಲ ಉಪಮೆಯಲ್ಲ. ಗಣಕ ಮಾದರಿಗಳನ್ನು ಬಳಸಿ ಜೀವಶಾಸ್ತ್ರದ ಪ್ರಶ್ನೆಗಳಿಗೂ ಇವರು ಉತ್ತರ ಹುಡುಕಿದ್ದಾರೆ. ಪ್ರತಿವರ್ಷ ಇನ್‌ಫ್ಲುಯೆಂಜಾ ಲಸಿಕೆ ಪಡೆಯುವವರಲ್ಲಿ ಅದರ ಪರಿಣಾಮ ಒಂದು ವರ್ಷ ಹೆಚ್ಚಾಗಿ, ಇನ್ನೊಂದು ವರ್ಷ ಕಡಿಮೆಯಾಗಿ ಕಾಣಿಸುವುದೇಕೆ ಎಂಬುದನ್ನು ಡೆರೆಕ್ ಸ್ಮಿತ್, ಆಕ್ಲೆ ಮತ್ತು ಪೆರೆಲ್ಸನ್ ಅವರೊಡನೆ 1999ರಲ್ಲಿ ವಿವರಿಸಿದರು. ಹಿಂದಿನ ಲಸಿಕೆ, ಈಗಿನ ಲಸಿಕೆ ಮತ್ತು ಹರಡುತ್ತಿರುವ ವೈರಸ್ ಈ ಮೂರರ ನಡುವಿನ ಹೋಲಿಕೆಯ ಪ್ರಮಾಣವೇ ಪರಿಣಾಮವನ್ನು ನಿರ್ಧರಿಸುತ್ತದೆ ಎಂಬುದು ಅವರ ನಿಲುವು. ಫಾರೆಸ್ಟ್ ಅವರ ಬಳಿ ಪಿಎಚ್.ಡಿ. ಮಾಡಿದ ಸ್ಮಿತ್ ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಇನ್‌ಫ್ಲುಯೆಂಜಾ ವೈರಸ್‌ಗಳ ಪ್ರತಿಜನಕ ನಕ್ಷೆಗಳ ಸಂಶೋಧನೆಯಿಂದ ಹೆಸರಾದರು. ಕ್ಯಾನ್ಸರ್ ಕೋಶಗಳ ವಿಕಾಸ ಮತ್ತು ಶ್ವಾಸಕೋಶದಲ್ಲಿ ಕೋವಿಡ್-19 ವೈರಸ್ ಹರಡುವ ಬಗೆಯ ಮಾದರಿಗಳಲ್ಲಿಯೂ ಫಾರೆಸ್ಟ್ ಅವರ ಪಾಲಿದೆ.

ಸೈಬರ್ ನೀತಿ

ಬೆಂಜಮಿನ್ ಎಡ್ವರ್ಡ್ಸ್ ಮತ್ತು ಹಾಫ್ಮೆಯರ್ ಅವರೊಡನೆ 2015ರಲ್ಲಿ ಮಂಡಿಸಿದ ಅಧ್ಯಯನವು ದತ್ತಾಂಶ ಸೋರಿಕೆಗಳ ಸಾರ್ವಜನಿಕ ದಾಖಲೆಗಳನ್ನು ವಿಶ್ಲೇಷಿಸಿತು. ಸೋರಿಕೆಗಳು ವರ್ಷದಿಂದ ವರ್ಷಕ್ಕೆ ಭೀಕರವಾಗುತ್ತಿವೆ ಎಂಬ ಸಾಮಾನ್ಯ ಭಾವನೆಗೆ ವಿರುದ್ಧವಾಗಿ, ಹಿಂದಿನ ದಶಕದಲ್ಲಿ ಅಮೆರಿಕದಲ್ಲಿ ಅವುಗಳ ಗಾತ್ರವಾಗಲಿ ಸಂಖ್ಯೆಯಾಗಲಿ ಹೆಚ್ಚಿಲ್ಲವೆಂದು ಅದು ಹೇಳಿತು. ಅಪರೂಪಕ್ಕೆ ಸಂಭವಿಸುವ ಅತಿ ದೊಡ್ಡ ಸೋರಿಕೆಗಳು ಇಂಥ ದತ್ತಾಂಶದ ಸಹಜ ಲಕ್ಷಣವೆಂದು ಲೇಖಕರು ವಿವರಿಸಿದರು.

ಸೈಬರ್ ದಾಳಿಯನ್ನು ಯಾರು ಮಾಡಿದರೆಂದು ಬಹಿರಂಗವಾಗಿ ದೂಷಿಸುವುದು ಯಾವಾಗ ಲಾಭಕರ ಎಂಬುದನ್ನು ಆಟ ಸಿದ್ಧಾಂತದ ಮೂಲಕ ಪರಿಶೀಲಿಸಿದ 2017ರ ಪ್ರಬಂಧದಲ್ಲಿ ಎಡ್ವರ್ಡ್ಸ್, ಅಲೆಕ್ಸಾಂಡರ್ ಫರ್ನಾಸ್ ಮತ್ತು ಆಕ್ಸೆಲ್‌ರಾಡ್ ಸಹಲೇಖಕರು. ದಾಳಿಕೋರನನ್ನು ಗುರುತಿಸಿದ ಮಾತ್ರಕ್ಕೆ ದೂಷಿಸುವುದು ಲಾಭವಲ್ಲ. ಪರಸ್ಪರರ ದೌರ್ಬಲ್ಯಗಳ ಬಗ್ಗೆ ಇಬ್ಬರಿಗೂ ಏನು ತಿಳಿದಿದೆ ಎಂಬುದರ ಮೇಲೆ ಸರಿಯಾದ ನಡೆ ನಿಂತಿದೆ ಎಂದು ಅದು ತೋರಿಸಿತು.

ವಿಮರ್ಶೆ

ಫಾರೆಸ್ಟ್ ಅವರ ಕಲ್ಪನೆಗಳು ಎಷ್ಟು ಪ್ರಭಾವ ಬೀರಿವೆಯೋ ಅಷ್ಟೇ ಕಠಿಣ ಪರೀಕ್ಷೆಗೂ ಒಳಗಾಗಿವೆ. ಋಣಾತ್ಮಕ ಆಯ್ಕೆಗೆ ನೈಜ ಜಾಲಗಳ ದತ್ತಾಂಶದ ಮೇಲೆ ಅತಿ ಹೆಚ್ಚು ಶೋಧಕಗಳು ಬೇಕಾಗುತ್ತವೆ ಎಂದು ಜುಂಗ್ವನ್ ಕಿಮ್ ಮತ್ತು ಪೀಟರ್ ಬೆಂಟ್ಲಿ 2001ರಲ್ಲಿ ಆಕ್ಷೇಪಿಸಿದರು. ರೋಗನಿರೋಧಕ ವ್ಯವಸ್ಥೆ 'ಪರ'ಕ್ಕಲ್ಲ, 'ಅಪಾಯ'ಕ್ಕೆ ಪ್ರತಿಕ್ರಿಯಿಸುತ್ತದೆ ಎಂಬ ಪಾಲಿ ಮ್ಯಾಟ್ಜಿಂಗರ್ ಅವರ ಸಿದ್ಧಾಂತವನ್ನು ಆಧರಿಸಿ, ಸ್ವ–ಪರ ಭೇದಕ್ಕೆ ಬದಲಾಗಿ ಬೇರೆ ಮಾದರಿಗಳನ್ನು ಉವೆ ಐಕೆಲಿನ್ ಮೊದಲಾದವರು ಮುಂದಿಟ್ಟರು.

ಸಿಸ್ಟಮ್ ಕಾಲ್ ವಿಧಾನಕ್ಕೆ ಬಂದ ಪ್ರಬಲ ಸವಾಲು ಡೇವಿಡ್ ವ್ಯಾಗ್ನರ್ ಮತ್ತು ಪಾವೊಲೊ ಸೋಟೊ ಅವರ 2002ರ ಪ್ರಬಂಧ. ಕಾವಲು ವ್ಯವಸ್ಥೆ ಯಾವ ಅನುಕ್ರಮಗಳನ್ನು ಸಹಜವೆಂದು ಒಪ್ಪುತ್ತದೆ ಎಂಬುದು ದಾಳಿಕೋರನಿಗೆ ತಿಳಿದಿದ್ದರೆ, ಪರಿಣಾಮವಿಲ್ಲದ ಸಿಸ್ಟಮ್ ಕಾಲ್‌ಗಳನ್ನು ನಡುನಡುವೆ ಸೇರಿಸಿ ತನ್ನ ದಾಳಿಗೆ ಸಹಜತೆಯ ವೇಷ ತೊಡಿಸಬಹುದೆಂದು ಅವರು ಪಿಎಚ್ ವ್ಯವಸ್ಥೆಯನ್ನೇ ಬಳಸಿ ತೋರಿಸಿದರು. ಈ ತಂತ್ರ 'ಅನುಕರಣ ದಾಳಿ' ಎಂದು ಹೆಸರಾಯಿತು. ಇದರ ಪರಿಣಾಮವಾಗಿ ಮುಂದಿನ ಸಂಶೋಧನೆ ಸಿಸ್ಟಮ್ ಕಾಲ್‌ಗಳ ಮೌಲ್ಯಗಳನ್ನೂ ಅವು ಹೊರಟ ಸ್ಥಳವನ್ನೂ ಗಣನೆಗೆ ತೆಗೆದುಕೊಳ್ಳತೊಡಗಿತು.

ಜೆನ್‌ಪ್ರಾಗ್ ಕುರಿತ ಚರ್ಚೆ ಇನ್ನೂ ತೀಕ್ಷ್ಣವಾಗಿತ್ತು. 2015ರಲ್ಲಿ ಎಂಐಟಿಯ ಮಾರ್ಟಿನ್ ರಿನಾರ್ಡ್ ಅವರ ತಂಡವು ಪ್ರಕಟಿತ ತಿದ್ದುಪಡಿಗಳನ್ನು ಮರುಪರಿಶೀಲಿಸಿ, 105ರಲ್ಲಿ ಕೇವಲ 2 ದೋಷಗಳಿಗೆ ಮಾತ್ರ ಸರಿಯಾದ ದುರಸ್ತಿ ದೊರೆತಿದೆಯೆಂದೂ, ಉಳಿದವುಗಳಲ್ಲಿ ಬಹುಪಾಲು ತಿದ್ದುಪಡಿಗಳು ಕ್ರಮವಿಧಿಯ ಒಂದು ಕೆಲಸವನ್ನೇ ಅಳಿಸಿಹಾಕುವುದಕ್ಕೆ ಸಮವೆಂದೂ ಹೇಳಿತು. ಪರೀಕ್ಷೆಯಲ್ಲಿ ಗೆದ್ದುದೆಲ್ಲ ಸರಿಯಾದುದಲ್ಲ ಎಂಬ ಈ ಸಮಸ್ಯೆಯನ್ನು ಲೆ ಗೌಸ್ ಅವರೂ ಅದೇ ವರ್ಷ ಬೇರೆ ಸಹಯೋಗಿಗಳೊಡನೆ ಅಧ್ಯಯನ ಮಾಡಿದರು. ಪರೀಕ್ಷೆಗಳು ದುರ್ಬಲವಾದಷ್ಟೂ ದುರಸ್ತಿಯೂ ದುರ್ಬಲವಾಗುತ್ತದೆ ಎಂಬ ಎಚ್ಚರ ಆ ಬಳಿಕ ಈ ಕ್ಷೇತ್ರದ ಸಾಮಾನ್ಯ ತಿಳಿವಳಿಕೆಯಾಗಿದೆ. ಹಾಗಿದ್ದರೂ ಸ್ವಯಂಚಾಲಿತ ದುರಸ್ತಿ ಸ್ವತಂತ್ರ ಸಂಶೋಧನಾ ಕ್ಷೇತ್ರವಾಗಿ ಬೆಳೆಯಲು 2009ರ ಪ್ರಬಂಧ ಮುಖ್ಯ ಕಾರಣವಾಯಿತು. 2018ರಲ್ಲಿ ಫೇಸ್‌ಬುಕ್ ಪ್ರಕಟಿಸಿದ 'ಸ್ಯಾಪ್‌ಫಿಕ್ಸ್' ಸಾಧನವು ತಿದ್ದುಪಡಿಗಳನ್ನು ತಾನೇ ರಚಿಸಿ, ಅಂತಿಮ ಒಪ್ಪಿಗೆಯನ್ನು ಎಂಜಿನಿಯರುಗಳಿಗೆ ಬಿಡುತ್ತದೆ.

ಪ್ರಶಸ್ತಿ ಮತ್ತು ಗೌರವಗಳು

1991ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅಧ್ಯಕ್ಷೀಯ ಯುವ ಸಂಶೋಧಕ ಪ್ರಶಸ್ತಿ ಫಾರೆಸ್ಟ್ ಅವರಿಗೆ ದೊರೆಯಿತು. 2009ರ ಜೆನ್‌ಪ್ರಾಗ್ ಪ್ರಬಂಧಕ್ಕೆ ಸಹಲೇಖಕರೊಂದಿಗೆ ಮ್ಯಾನ್‌ಫ್ರೆಡ್ ಪಾಲ್ ಪ್ರಶಸ್ತಿ ಲಭಿಸಿತು. ಇದೇ ಸಂಶೋಧನೆಗೆ ಅದೇ ವರ್ಷ, ಮಾನವರಿಗೆ ಸರಿಸಾಟಿಯಾದ ಫಲಿತಾಂಶಗಳಿಗಾಗಿ ಕೊಡುವ 'ಹ್ಯೂಮೀಸ್' ಸ್ಪರ್ಧೆಯ ಚಿನ್ನದ ಪ್ರಶಸ್ತಿಯೂ ಬಂದಿತು. ಹತ್ತು ವರ್ಷಗಳ ತರುವಾಯ, 2019ರಲ್ಲಿ, ಅಂತಾರಾಷ್ಟ್ರೀಯ ತಂತ್ರಾಂಶ ಎಂಜಿನಿಯರಿಂಗ್ ಸಮ್ಮೇಳನವು ಅದನ್ನು ಅತ್ಯಂತ ಪ್ರಭಾವಶಾಲಿ ಪ್ರಬಂಧವೆಂದು ಗೌರವಿಸಿತು. ಗಣಕ ವಿಜ್ಞಾನವನ್ನು ಇತರ ಶಾಸ್ತ್ರಗಳೊಡನೆ ಬೆಸೆದ ಸಾಧಕರಿಗೆ ಸಲ್ಲುವ ಅಲೆನ್ ನ್ಯೂವೆಲ್ ಪ್ರಶಸ್ತಿಗೆ 2011ನೆಯ ಸಾಲಿನಲ್ಲಿ ಫಾರೆಸ್ಟ್ ಪಾತ್ರರಾದರು. 2013ರಲ್ಲಿ ಸಾಂತಾ ಫೆ ಸಂಸ್ಥೆಯ ಸ್ಟಾನಿಸ್ಲಾವ್ ಉಲಾಮ್ ಸ್ಮಾರಕ ಉಪನ್ಯಾಸಗಳನ್ನು ನೀಡಿದರು. ಐಇಇಇ ಸಂಸ್ಥೆಯ ಫೆಲೋ ಆಗಿಯೂ ಇವರು ಆಯ್ಕೆಯಾಗಿದ್ದಾರೆ. 1996ರ 'ಎ ಸೆನ್ಸ್ ಆಫ್ ಸೆಲ್ಫ್' ಪ್ರಬಂಧಕ್ಕೆ 2020ರಲ್ಲಿ ಐಇಇಇ ಭದ್ರತೆ ಮತ್ತು ಖಾಸಗಿತನ ವಿಚಾರಸಂಕಿರಣದ 'ಕಾಲಪರೀಕ್ಷೆ'ಯ ಪ್ರಶಸ್ತಿ ಸಂದಿತು.